ಹೆಚ್ಚಾದ ಮೂರು ಸದ್ದು

ಆರು ನಿಮಿಷದ ಆ ವಿಡಿಯೊದಲ್ಲಿ ನಾನು ನಲವತ್ತೊಂದು ಸದ್ದು ಹಾಕಿದ್ದೆ. ಈಗ ಎಣಿಸಿ ಹೇಳುತ್ತಿರುವುದಲ್ಲ, ಹಾಕಿದ ದಿನವೇ ಎಣಿಸಿದ್ದೆ. ಹೆಚ್ಚಾಯಿತು ಎಂದು ಆವತ್ತೇ ಗೊತ್ತಿತ್ತು.

ನನ್ನದು ವಸ್ತುಗಳನ್ನು ಬಳಸುವುದು ಹೇಗೆಂದು ಕಲಿಸುವ ವಿಡಿಯೊಗಳ ಕೆಲಸ. ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುವುದು, ನೀರಿನ ಫಿಲ್ಟರು ತೊಳೆಯುವುದು, ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಳೆಯುವುದು, ಇಂಥವು. ಚಿತ್ರ ಬೇರೆಯವರು ತೆಗೆಯುತ್ತಾರೆ. ಮಾತು, ಸದ್ದು, ಜೋಡಣೆ ನನ್ನದು. ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೊ, ಎರಡೇ ಕೋಣೆ. ಒಳಗಿನ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದಿದ್ದಾರೆ. ಬಾಗಿಲು ಹಾಕಿಕೊಂಡರೆ ನಮ್ಮ ಹೆಜ್ಜೆ ನಮಗೇ ಕೇಳುವುದಿಲ್ಲ. ಕೆಲವು ದಿನ ಬೆಳಿಗ್ಗೆ "ಬಂದ್ರಾ", ಸಂಜೆ "ಹೊರಟ್ರಾ", ಈ ಎರಡು ಮಾತು ಬಿಟ್ಟರೆ ನನ್ನೊಂದಿಗೆ ಯಾರೂ ಏನೂ ಮಾತಾಡಿರುವುದಿಲ್ಲ. ಮನೆಗೆ ಹೋದರೂ ಒಂದೇ ಕೋಣೆ, ಒಂದೇ ಕುರ್ಚಿ. ದೂರಲು ಹೇಳುತ್ತಿಲ್ಲ. ಲೆಕ್ಕ ಸರಿಯಾಗಿರಲಿ ಎಂದು ಹೇಳಿದೆ.

ಈ ಕೆಲಸ ನಾನು ಕಲಿತದ್ದು ಸಂಜೆ ತರಗತಿಯಲ್ಲಿ, ಹಗಲು ಚಪ್ಪಲಿ ಅಂಗಡಿಯಲ್ಲಿ ನಿಂತು ದುಡಿದು. ಅಲ್ಲಿನ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು. "ಎಫೆಕ್ಟು ಅಂದ್ರೆ ಅಡುಗೆಗೆ ಉಪ್ಪಿದ್ದ ಹಾಗೆ ಅಂತ ಎಲ್ಲರೂ ಹೇಳ್ತಾರೆ. ಸುಳ್ಳು. ಉಪ್ಪಿಲ್ಲದಿದ್ರೆ ಊಟ ಸೇರಲ್ಲ. ಎಫೆಕ್ಟು ಇಲ್ಲದಿದ್ರೆ ಪಾಠಕ್ಕೆ ಏನೂ ಆಗಲ್ಲ. ಕಲಿಯೋರ ಕಿವಿ ಒಂದೇ ಬಾಗಿಲಿನ ಮನೆ. ನಿಮ್ಮ ಸದ್ದು ಒಳಗೆ ನುಗ್ಗಿತು ಅಂದ್ರೆ ಇನ್ಯಾವುದೋ ಒಂದು ಹೊರಗೆ ನಿಂತಿದೆ ಅಂತ ಅರ್ಥ." ನೋಟ್ ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದೆ. ಬರೆದುಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನಿನ ವಿಡಿಯೊ ಬಂದಾಗ ನಮ್ಮ ಕಾಯಂ ದನಿಯವರಿಗೆ ಗಂಟಲು ಕಟ್ಟಿತ್ತು. ಅವರು ಬರುವ ತನಕ ಚಿತ್ರದ ಅಳತೆಗಿರಲಿ ಎಂದು ನಾನೇ ಓದಿ ರೆಕಾರ್ಡ್ ಮಾಡಿದೆ. ಪೆನ್ನಿನ ಕಂಪನಿಯವರು ಅದನ್ನು ಕೇಳಿ, ಇದೇ ಇರಲಿ, ಮನೆಯವರು ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ ಎಂದರು. ಸ್ಟುಡಿಯೊದ ಯಜಮಾನರಿಗೆ ಖುಷಿಯಾಯಿತು. ನನಗೆ ಬೇಡವಾಗಿತ್ತು. ನನ್ನ ದನಿ ವಾಕ್ಯದ ಕೊನೆಗೆ ಬರುವಾಗ ಸಣ್ಣಗೆ ಒಡೆಯುತ್ತದೆ. ನಡುವೆ ಎಂಜಲು ನುಂಗಿದ್ದು ಕೇಳುತ್ತದೆ. ಒಂದೊಂದು ಕಡೆ, ಮುಂದಿನ ಮಾತಿಗೆ ಅಪ್ಪಣೆ ಕೇಳಿದ ಹಾಗೆ ನಿಂತುಬಿಡುತ್ತದೆ. ಅದನ್ನು ಸಾವಿರಾರು ಜನ ಕೇಳುವುದೆಂದರೆ ಬಟ್ಟೆ ಸರಿಯಿಲ್ಲದೆ ಬೀದಿಗೆ ಬಂದ ಹಾಗೆ ಅನ್ನಿಸಿತು.

ಹಾಗಾಗಿ ಮುಚ್ಚಿದೆ. ಒಡೆದ ಕಡೆಗೆಲ್ಲ ಒಂದು ಸದ್ದು. ಚಿತ್ರ ಬದಲಾದರೆ ಒಂದು ಸುಯ್, ಬರಹ ಬಂದರೆ ಒಂದು ಟಿಕ್. ಆ ಟಿಕ್ಕನ್ನೂ ಎಲ್ಲಿಂದಲೋ ಎತ್ತಿ ಹಾಕಲಿಲ್ಲ. ಇನ್ಸುಲಿನ್ ಪೆನ್ನಿನ ತುದಿಯ ತಿರುಗಣೆಯನ್ನು ತಿರುಗಿಸಿದರೆ ಔಷಧಿಯ ಪ್ರತಿ ಯೂನಿಟ್ಟಿಗೂ ಒಂದು ಟಿಕ್ ಎನ್ನುತ್ತದೆ, ಪಕ್ಕದ ಸಣ್ಣ ಕಿಂಡಿಯಲ್ಲಿ ಅಂಕೆ ಒಂದು ಹೆಚ್ಚುತ್ತದೆ. ನಿಜವಾದ ಪೆನ್ನನ್ನೇ ಮೈಕಿನ ಹತ್ತಿರ ಹಿಡಿದು, ಇಪ್ಪತ್ತು ಸಲ ತಿರುಗಿಸಿ, ಅದರಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿದೆ. ವಿಷಯಕ್ಕೆ ತಕ್ಕ ಸದ್ದು ಎಂದು ಹೆಮ್ಮೆಪಟ್ಟುಕೊಂಡೆ.

ಕೊನೆಯ ಗಳಿಗೆಯಲ್ಲಿ ಕಂಪನಿಯವರು ಮೂರು ಸಾಲು ಸೇರಿಸಲು ಹೇಳಿದರು. 'ಸದ್ದು ಎಣಿಸಬೇಡಿ. ಕಿಂಡಿಯಲ್ಲಿ ಅಂಕೆ ನೋಡಿ. ಬೇಕಿದ್ದರೆ ಭೂತಗನ್ನಡಿ ಬಳಸಿ.' ಮತ್ತೆ ಮೈಕಿನ ಮುಂದೆ ಕೂರಬೇಕಲ್ಲ ಎಂದು ನಾನು ಅವನ್ನು ಓದಲಿಲ್ಲ. ಪೆನ್ನು ತಿರುಗಿಸುವ ದೃಶ್ಯದ ಕೆಳಗೆ ಬರಹವಾಗಿ ಹಾಕಿ, ಒಂದೊಂದು ಸಾಲಿಗೆ ಒಂದೊಂದು ಟಿಕ್ ಇಟ್ಟೆ.

"ಜೀವ ಬಂತು ಕಣಮ್ಮ!" ಎಂದರು ಯಜಮಾನರು. ವಿಡಿಯೊ ಹೋಯಿತು.

ಎರಡು ತಿಂಗಳ ಮೇಲೆ ಒಂದು ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದರು. ಪೆನ್ನಿನ ವಿಡಿಯೊದಲ್ಲಿ ಅಕ್ಷರ ದಪ್ಪ ಮಾಡಿದ ಪ್ರತಿ ಸಿಗುತ್ತದೆಯೇ ಎಂದು ಕೇಳಿದರು.

"ನಮ್ಮಲ್ಲಿ ಒಬ್ಬರಿದ್ದಾರೆ ಮೇಡಂ. ಕಣ್ಣು ಮಂಜು. ಗುಂಡಿ ಅಂಗಡಿ ಇಟ್ಟಿದ್ರು, ಈ ಕಡೆಯೋರೆಲ್ಲ ಗುಂಡಿಯಮ್ಮ ಅಂತಾರೆ. ಒಬ್ಬರೇ ಇರೋದು. ದಿನಾ ನಿಮ್ಮ ವಿಡಿಯೊ ಹಾಕ್ಕೊಂಡೇ ಸೂಜಿ ತಗೋತಾರಂತೆ. ಆದ್ರೂ ಸಕ್ಕರೆ ಇಳೀತಿಲ್ಲ. ಪೆನ್ನಲ್ಲಿ ಔಷಧಿ ಮಿಗುತ್ತೆ. ಮರೀತಾರೋ, ಎಣಿಕೆ ತಪ್ತಾರೋ ಗೊತ್ತಾಗ್ತಿಲ್ಲ. ಒಬ್ಬರೇ ಇರೋದು ಸಾಕು ಅಂತ ಅವರ ತಂಗಿ ಶನಿವಾರ ತಮ್ಮ ಮನೆಗೆ ಕರ್ಕೊಂಡು ಹೋಗ್ತಾರಂತೆ. ಇವರಿಗೆ ಇಷ್ಟ ಇಲ್ಲ. ಅಕ್ಷರ ದಪ್ಪ ಇದ್ರೆ ಏನಾದ್ರೂ ಉಪಯೋಗ ಆದೀತಾ ಅಂತ."

ಅಕ್ಷರ ಎಷ್ಟು ದಪ್ಪ ಬೇಕೆಂದು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಳತೆ ತಪ್ಪಿದರೆ ಎಂದು ಹೆದರಿ, ನರ್ಸಿನ ಮೂಲಕ ಒಪ್ಪಿಗೆ ಕೇಳಿ, ಗುರುವಾರ ಬೆಳಿಗ್ಗೆ ರಜೆ ಹಾಕಿ ನಾನೇ ಹೋದೆ.

ಮೂರನೇ ಮಹಡಿ. ಬಾಗಿಲು ತೆಗೆದವರು ತಂಗಿ; ಐವತ್ತೆಂಟು ಅರವತ್ತರ ಹೆಂಗಸು, ಕೈಯಲ್ಲಿ ಹಳೇ ಪೇಪರು. ಗಾಜಿನ ಲೋಟಗಳನ್ನು ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದರು. ನಾನು ಯಾರೆಂದು ಹೇಳುತ್ತಿದ್ದ ಹಾಗೆ ಒಳಗಿನಿಂದ ಗಟ್ಟಿ ದನಿ ಬಂತು.

"ಅಯ್ಯೋ! ಇದು ಪೆನ್ನಿನ ಹುಡುಗಿ ಅಲ್ವೇನೇ? ಒಳಗೆ ಕರಿಯೇ, ಬಾಗಿಲಲ್ಲಿ ನಿಲ್ಲಿಸ್ಕೊಂಡು ಪಂಚಾಯ್ತಿ ಮಾಡ್ಬೇಡ."

ನನ್ನನ್ನು ದನಿಯಿಂದ ಗುರುತು ಹಿಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಗುಂಡಿಯಮ್ಮ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತಿದ್ದರು. ತೆಳ್ಳಗೆ, ನೆಟ್ಟಗೆ, ಕತ್ತು ಸ್ವಲ್ಪ ಓರೆ. ಕಣ್ಣಿಗಿಂತ ಕಿವಿಯನ್ನು ಮುಂದೆ ಮಾಡಿಕೊಂಡು ಮಾತಾಡುವವರು.

"ಕೂತ್ಕೋ ತಾಯಿ. ನೀನು ಹೀಗೆ ಸಣ್ಣಗಿರ್ತೀಯ ಅಂತ ಗೊತ್ತಿತ್ತು. ದಿನಾ ಬೆಳಿಗ್ಗೆ ಈ ಮನೇಲಿ ಮೊದಲು ಮಾತಾಡೋಳು ನೀನೇ. 'ಕೈ ತೊಳೆದುಕೊಂಡಿರಾ?' ಅಂತೀಯಲ್ಲ, ನಾನು 'ಹೂಂ ಕಣೇ, ತೊಳ್ಕೊಂಡೆ' ಅಂತೀನಿ."

"ಅಕ್ಕ, ಅದು ವಿಡಿಯೊ. ಅದಕ್ಕೆ ಕೇಳಲ್ಲ," ಎಂದರು ತಂಗಿ.

"ನಿನಗೆ ಹೇಳಿದ್ರೂ ಕೇಳಲ್ಲ. ಅದಕ್ಕಿಂತ ಇದು ವಾಸಿ. ಇದು ನನ್ನ ಲೋಟ ಎಲ್ಲ ಕಟ್ಟಿ ಇಡಲ್ಲ."

"ಕಟ್ಟದೆ ಏನ್ಮಾಡ್ಲಿ? ಹೋದ ತಿಂಗಳು ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತಿದ್ದು ಯಾರು, ನಾನಾ?"

ಗುಂಡಿಯಮ್ಮ ನನ್ನ ಕಡೆ ತಿರುಗಿದರು. "ಇವಳಿಗೆ ನಾನು ಎಣಿಸೋದ್ರಲ್ಲಿ ತಪ್ತೀನಿ ಅಂತ ಅನುಮಾನ. ಮೂವತ್ತೆಂಟು ವರ್ಷ ಗುಂಡಿ ಮಾರಿದೀನಿ. ಕಣ್ಣಲ್ಲಿ ನೋಡಿ ಎಣಿಸಿದವಳೇ ಅಲ್ಲ. ತಗಡಿನ ಡಬ್ಬಿಗೆ ಸುರೀತಾ ಹೋಗೋದು, ಸದ್ದು ಎಣಿಸ್ತಾ ಹೋಗೋದು. ಗಿರಾಕಿ ಜೊತೆ ಜಗಳ ಆಡ್ತಾ ಇದ್ರೂ ಒಂದು ಗ್ರೋಸು ಅಂದ್ರೆ ನೂರ ನಲವತ್ನಾಲ್ಕೇ. ನನಗೆ ಡಾಕ್ಟ್ರು ಬರೆದಿರೋದು ಹದಿನಾರು. ಹದಿನಾರು ಎಣಿಸಕ್ಕೆ ಬರಲ್ವಾ ನನಗೆ?"

ಸೂಜಿಯ ಹೊತ್ತಾಗಿತ್ತು. ಅವರು ಕೈ ತೊಳೆದು ಬಂದು, ಫೋನನ್ನು ತಡವಿ ವಿಡಿಯೊ ಹಾಕಿ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟರು. ನನ್ನ ದನಿ ಆ ಕೋಣೆಯಲ್ಲಿ ಮಾತಾಡತೊಡಗಿತು. ಎಲ್ಲಿ ನೋಡುವುದೆಂದು ತಿಳಿಯದೆ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಎಲ್ಲವನ್ನೂ ಸರಿಯಾಗಿ ಮಾಡಿದರು. ಹೊಸ ಸೂಜಿ ಸಿಕ್ಕಿಸಿದರು, ಮುಚ್ಚಳ ತೆಗೆದರು, ಗಾಳಿ ಹೊರಹಾಕಿದರು. 'ಈಗ ನಿಧಾನವಾಗಿ ತಿರುಗಿಸಿ' ಎಂದಿತು ನನ್ನ ದನಿ. ಕಣ್ಣು ಮುಚ್ಚಿ ತಿರುಗಿಸತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಟಿಕ್, ಟಿಕ್, ಟಿಕ್. ಕೈಯಿಂದ ಬಂದ ಸದ್ದು ಯಾವುದು, ಸಕ್ಕರೆ ಡಬ್ಬಿಯ ಕಡೆಯಿಂದ ಬಂದದ್ದು ಯಾವುದು, ಅದನ್ನು ಮಾಡಿದ ನನಗೇ ಬೇರೆ ಮಾಡಲಾಗಲಿಲ್ಲ.

"ಹದಿನಾರು," ಎಂದು ನಿಲ್ಲಿಸಿದರು.

ನಾನು ಬಗ್ಗಿ ಪೆನ್ನಿನ ಕಿಂಡಿ ನೋಡಿದೆ. ಹದಿಮೂರು.

"ಸ್ವಲ್ಪ ತಡೀರಿ ಅಮ್ಮ," ಎಂದೆ. "ಇದು... ಹದಿಮೂರಿದೆ."

ತಂಗಿ ಪೇಪರು ಬಿಟ್ಟು ಎದ್ದು ಬಂದರು. ಕನ್ನಡಕ ಹಾಕಿಕೊಂಡು ನೋಡಿದರು. "ನೋಡಿದ್ಯಾ ಅಕ್ಕ? ನಾನಲ್ಲ ಹೇಳ್ತಿರೋದು. ಪೆನ್ನು ಮಾಡೋರ ಕಡೆಯವರೇ ಬಂದು ಹೇಳ್ತಿದಾರೆ."

ಗುಂಡಿಯಮ್ಮನಿಗೆ ಇನ್ನು ಮೂರು ತಿರುಗಿಸಲು ಹೇಳಿದೆ. ತಿರುಗಿಸಿ ಚುಚ್ಚಿಕೊಂಡರು. ಆಮೇಲೆ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೇರೆ ಯಾರದೋ ಕೈ ಎಂಬಂತೆ ಕೂತರು. ಅವರ ಎಣಿಕೆಯೊಳಗೆ ನನ್ನ ಮೂರು ಸದ್ದು ಸೇರಿಕೊಂಡಿವೆ ಎಂದು ನನಗೆ ಆ ಕ್ಷಣವೇ ತಿಳಿದಿತ್ತು. ಆಮೇಲೆ ಹೊಳೆಯಿತು ಎಂದು ಹೇಳಿದರೆ ನಂಬುವವರು ಇದ್ದಾರು, ಆದರೆ ಅದು ನಿಜವಲ್ಲ. ಬಾಯಿ ತೆರೆದೆ. "ಅಕ್ಷರ ದಪ್ಪ ಮಾಡಿ ಕಳಿಸ್ತೀನಿ" ಎಂದಷ್ಟೇ ಬಂತು. ಮೆಟ್ಟಿಲಿಳಿದು ಬಂದುಬಿಟ್ಟೆ.

ಸ್ಟುಡಿಯೊದಲ್ಲಿ, ನನ್ನ ತಪ್ಪು ಅಲ್ಲದೆಯೂ ಇರಬಹುದು ಎಂದು ಇನ್ನೊಮ್ಮೆ ಆಸೆಪಟ್ಟೆ. ನೀರು ತುಂಬಿದ ಅಭ್ಯಾಸದ ಪೆನ್ನು ನಮ್ಮಲ್ಲಿತ್ತು. ವಿಡಿಯೊ ಹಾಕಿ, ಕಣ್ಣು ಮುಚ್ಚಿ, ಸದ್ದು ಎಣಿಸಿ ಹದಿನಾರಕ್ಕೆ ನಿಂತೆ. ಕಿಂಡಿಯಲ್ಲಿ ಹದಿಮೂರು. ಇನ್ನೊಮ್ಮೆ. ಹದಿಮೂರು. ಆ ವಿಡಿಯೊ ಎಷ್ಟು ಕ್ಲಿನಿಕ್ಕುಗಳಿಗೆ ಹೋಗಿದೆಯೋ ನನಗೆ ಗೊತ್ತಿರಲಿಲ್ಲ.

ಮರುದಿನ ಯಜಮಾನರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕುರ್ಚಿ ತೋರಿಸಿದರು.

"ನೋಡಮ್ಮ, ಸೋಮವಾರ ಆ ಸದ್ದು ತೆಗೆದು ಹೊಸದು ಕಳಿಸು. ಹಳೇದು ಅಳಿಸಿ ಅನ್ನು. ಯಾಕೆ ಏನು ಅಂತ ಬೇಡ. 'ಗುಣಮಟ್ಟ ಸುಧಾರಿಸಿದೆ' ಅಂತ ಒಂದು ಸಾಲು ಸಾಕು."

"ಆದರೆ ಅವರಿಗೆ ತಲೆ ಸರಿಯಿಲ್ಲ ಅಂತ ನಾಳೆ ಕರ್ಕೊಂಡು ಹೋಗ್ತಿದಾರೆ ಸರ್."

"ತಂಗಿ ಮನೆಗೆ ತಾನೇ? ಜೈಲಿಗಲ್ಲವಲ್ಲ. ಹೊತ್ತು ಹೊತ್ತಿಗೆ ಊಟ ಸಿಗುತ್ತೆ, ಮಾತಿಗೆ ಜನ ಸಿಗ್ತಾರೆ. ಒಳ್ಳೇದೇ ಆಯ್ತು ಅಂದ್ಕೋ. ನೀನು ಹೋಗಿ ತಪ್ಪು ನನ್ನದು ಅಂದ್ರೆ ಅದು ನಿನ್ನ ಬಾಯಲ್ಲಿ ಉಳಿಯಲ್ಲ. ನಮ್ಮೆಲ್ಲರ ಕುತ್ತಿಗೆಗೆ ಬರುತ್ತೆ."

ಅವರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಬೇರೆಯವರ ಮಾತಿನಲ್ಲಿ ಯಾವಾಗಲೂ ನನಗೆ ಅರ್ಥ ಕಾಣುತ್ತದೆ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಆಕೆಯೇ ಕಣ್ಣೆದುರು ಬರುತ್ತಿದ್ದರು. ಆಕೆ ತನ್ನ ಕಿವಿಯನ್ನು ನಂಬುವುದು ಬಿಟ್ಟಿದ್ದು ನನ್ನೆದುರಿಗೇ. ನರ್ಸಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಗುಂಡಿಯಮ್ಮನ ಮನೆಗೆ ಬರುವಿರಾ ಎಂದು ಕೇಳಿದೆ. ಆಮೇಲೆ ಪೆನ್ನಿನ ಕಂಪನಿಗೆ, ಯಾವ ನಿಮಿಷದ ಯಾವ ಸೆಕೆಂಡಿನಲ್ಲಿ ಯಾವ ಸದ್ದಿದೆ, ಅದರಿಂದ ಏನಾಗುತ್ತದೆ, ಅದನ್ನು ಹಾಕಿದ್ದು ಯಾರು ಎಂದೆಲ್ಲ ಬರೆದು ಕಳಿಸಿದೆ. ಕಾಗುಣಿತ ಸರಿಯಿದೆಯೇ ಎಂದು ನಾಲ್ಕು ಸಲ ನೋಡಿದೆ.

ಶನಿವಾರ ಬಸ್ಸಿನಲ್ಲಿ ಯಜಮಾನರ ಫೋನು ಮೂರು ಸಲ ಹೊಡೆದುಕೊಂಡಿತು. ಎತ್ತಲಿಲ್ಲ. ಸೋಮವಾರಕ್ಕೆ ನನಗೆ ಕೆಲಸ ಇರುತ್ತದೋ ಇಲ್ಲವೋ ಎಂದು ಯೋಚಿಸುವಷ್ಟು ಜಾಗ ತಲೆಯಲ್ಲಿರಲಿಲ್ಲ.

ಮನೆ ಅರ್ಧ ಖಾಲಿಯಾಗಿತ್ತು. ಬಾಗಿಲ ಹತ್ತಿರ ನಾಲ್ಕು ಪೆಟ್ಟಿಗೆ, ಹಗ್ಗ ಕಟ್ಟಿದ ಹಾಸಿಗೆ. ಗುಂಡಿಯಮ್ಮ ಅದೇ ಮೇಜಿನ ಮುಂದೆ ಹೊರಗೆ ಹೋಗುವ ಬಟ್ಟೆಯಲ್ಲಿ ಕೂತಿದ್ದರು. ನರ್ಸ್ ಕಿಟಕಿಗೆ ಒರಗಿ ನಿಂತಿದ್ದರು. ನಾನು ಕೂರಲಿಲ್ಲ.

"ತಪ್ಪು ಅಮ್ಮನದಲ್ಲ," ಎಂದೆ. ದನಿ ಒಡೆಯಿತು. ಇಲ್ಲಿ ಮುಚ್ಚಲು ಏನೂ ಇರಲಿಲ್ಲ. "ಪೆನ್ನಿನ ಸದ್ದನ್ನೇ ವಿಡಿಯೊದಲ್ಲಿ ಹಾಕಿದೀನಿ. ತಿರುಗಿಸೋವಾಗ ಮೂರು ಸಲ ಬರುತ್ತೆ. ಅದನ್ನೂ ಸೇರಿಸಿ ಎಣಿಸ್ತಿದ್ರು. ಹಾಕಿದ್ದು ನಾನೇ. ಮೊನ್ನೆ ಗೊತ್ತಾಗಿಯೂ ಹೇಳದೆ ಹೋದೆ."

"ಏನು ಮಾತು ಅಂತ ಆಡ್ತೀರಿ?" ಎಂದರು ತಂಗಿ. "ಫೋನಿನ ಸದ್ದಿಗೂ ಕೈಯಲ್ಲಿರೋ ಸದ್ದಿಗೂ ವ್ಯತ್ಯಾಸ ಗೊತ್ತಾಗಲ್ವಾ?"

ನರ್ಸ್ ವಾದಿಸುವ ಹೆಂಗಸಲ್ಲ. ಅಭ್ಯಾಸದ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಗುಂಡಿಯಮ್ಮನ ಕೈಗಿಟ್ಟರು. ವಿಡಿಯೊ ಹಾಕಿ ಹದಿನಾರು ಎಣಿಸಲು ಹೇಳಿ, ಕಿಂಡಿ ನೋಡಿದರು. ಹದಿಮೂರು. ಫೋನು ಆರಿಸಿ ಮತ್ತೆ ಎಣಿಸಲು ಹೇಳಿದರು. ಹದಿನಾರು. ಇನ್ನೊಮ್ಮೆ, ಹದಿನಾರು. ನಡುವೆ ನರ್ಸ್ ಬೇಕೆಂದೇ ಮನೆ ಬಾಡಿಗೆ, ನೀರು, ಪಕ್ಕದ ಮನೆಯ ನಾಯಿ ಎಂದು ಮಾತಾಡಿಸಿದರು. ಗುಂಡಿಯಮ್ಮ ನಾಯಿಯನ್ನು ಚೆನ್ನಾಗಿ ಬೈಯುತ್ತಲೇ ತಿರುಗಿಸಿ ಪೆನ್ನನ್ನು ಮುಂದೆ ಚಾಚಿದರು. ಹದಿನಾರು.

ಗುಂಡಿಯಮ್ಮನ ಗದ್ದ ನಡುಗುತ್ತಿತ್ತು. ಅಳುತ್ತಾರೆ ಅಂದುಕೊಂಡೆ. ಆದರೆ ಅದು ಸಿಟ್ಟು.

"ಎರಡು ತಿಂಗಳು ಕಣೇ," ಎಂದರು ನನಗೆ. "ಹೊರಗೆ ಜಂಬ ಕೊಚ್ಚಿದ್ರೂ ಒಳಗೊಳಗೆ ಎರಡು ತಿಂಗಳು ನನ್ನ ತಲೆ ಹೋಯ್ತು ಅಂದ್ಕೊಂಡೆ. ದಿನಾ ಹಾಸಿಗೆ ಮೇಲೆ ಕೂತು ಹತ್ತೊಂಬತ್ತರ ಮಗ್ಗಿ ಹೇಳ್ಕೋತಿದ್ದೆ. ಎಲ್ಲಾದ್ರೂ ನಿಂತ್ರೆ ಜೀವ ಝಲ್ ಅನ್ನೋದು. ಯಾಕೆ ಹಾಕ್ದೆ ಅದನ್ನ? ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ ಅಮ್ಮ. ನನ್ನ ದನಿ ಚೆನ್ನಾಗಿಲ್ಲ. ಮುಚ್ಚೋಣ ಅಂತ ಹಾಕಿದೆ."

ಅವರು ಕತ್ತು ಓರೆ ಮಾಡಿ ಕಿವಿಯನ್ನು ನನ್ನ ಕಡೆ ತಂದರು. "ಹುಚ್ಚಿ," ಎಂದರು. ಕ್ಷಮಿಸಿದರೋ ಇಲ್ಲವೋ, ಆ ಮಾತಿನಿಂದ ನನಗೆ ಇವತ್ತಿಗೂ ತಿಳಿದಿಲ್ಲ.

ನರ್ಸ್ ಒಂದೊಂದಾಗಿ ಹೇಳಿದರು. ಸದ್ದು ಎಣಿಸುವುದೊಂದೇ ಸಾಲದು, ಕಾಲಿರುವ ಭೂತಗನ್ನಡಿ ಕ್ಲಿನಿಕ್ಕಿನಿಂದ ಕೊಡುತ್ತೇನೆ, ಅದರಲ್ಲಿ ಅಂಕೆ ನೋಡಿಯೇ ಚುಚ್ಚಿಕೊಳ್ಳಬೇಕು. ವಾರಕ್ಕೊಮ್ಮೆ ನಾನು ಬಂದು ನೋಡುತ್ತೇನೆ. ಸೂಜಿಯ ಹೊತ್ತಿನಲ್ಲಿ ರೇಡಿಯೊ ಬೇಡ, ಫೋನು ಬೇಡ, ವಿಡಿಯೊ ಅಂತೂ ಬೇಡವೇ ಬೇಡ. "ಹಾಗಾದ್ರೆ ಇಲ್ಲೇ ಇರಬಹುದು. ನನ್ನ ಅಭ್ಯಂತರ ಇಲ್ಲ."

"ಬೆಳಿಗ್ಗೆ ಇವಳ ಮಾತು ಇರಲ್ಲ ಅನ್ನು," ಎಂದರು ಗುಂಡಿಯಮ್ಮ.

"ಬೇಡ ಅಮ್ಮ. ನಿಮಗೆ ಕಲಿಯೋದೇನೂ ಉಳಿದಿಲ್ಲ," ಎಂದರು ನರ್ಸ್.

"ಕಲಿಯೋಕೆ ಯಾರು ಹಾಕ್ಕೋತಿದ್ರು," ಎಂದು ಗೊಣಗಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ ತಂಗಿಗೆ ಗಟ್ಟಿಯಾಗಿ, "ಏನೇ, ನಿಂತ್ಕೊಂಡಿದೀಯಾ? ನನ್ನ ಲೋಟ ತೆಗೆದಿಡು. ಬಾಯಿ ಒಣಗಿದೆ, ನೀರು ಕುಡೀಬೇಕು."

ತಂಗಿ ಪೆಟ್ಟಿಗೆ ಬಿಚ್ಚಿದರು. ಒಂದೊಂದೇ ಲೋಟದ ಪೇಪರು ತೆಗೆದು, ಒರೆಸಿ, ಕಪಾಟಿನಲ್ಲಿ ಜೋಡಿಸಿದರು. ಹಾಸಿಗೆಯ ಹಗ್ಗ ಬಿಚ್ಚಲು ನಾನೂ ಕೈ ಹಾಕಿದೆ. ಗಂಟು ಬಹಳ ಬಿಗಿಯಾಗಿತ್ತು. ತಂಗಿ ಸಾಮಾನು ಸಾಗಿಸಲು ಹೇಳಿದ್ದ ಗಾಡಿಯವನಿಗೆ ಫೋನ್ ಮಾಡಿ, "ಬೇಡಪ್ಪ, ಇವತ್ತಿಲ್ಲ" ಎಂದರು. ಸ್ವಲ್ಪ ತಡೆದು, "ಇಲ್ಲ, ನಾಳೆನೂ ಇಲ್ಲ" ಎಂದರು.

ತಂಗಿಯೂ ನಾನೂ ಒಟ್ಟಿಗೇ ಕೆಳಗಿಳಿದೆವು. ಬಸ್ ನಿಲ್ದಾಣದಲ್ಲಿ ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡು ಕ್ಷಮೆ ಕೇಳಲು ಮಾತು ಜೋಡಿಸುತ್ತಿದ್ದೆ.

"ನಮ್ಮನೇಲೂ ನಾನೊಬ್ಬಳೇ," ಎಂದರು ಅವರು, ರಸ್ತೆಯನ್ನು ನೋಡುತ್ತ. "ಅಕ್ಕಂಗೆ ಅದನ್ನ ಹೇಳಕ್ಕಾಗುತ್ತಾ? ನನಗೆ ಬೇಜಾರು, ಬಾ ಅಂದ್ರೆ ನಕ್ಕುಬಿಡ್ತಾಳೆ. ನಿನಗೆ ಆಗಲ್ಲ, ಬಾ ಅಂದೆ."

ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು.

"ಹಿಂದಿನ ರೂಮಿಗೆ ಬಣ್ಣ ಹೊಡೆಸಿದ್ದೆ. ಅವಳ ಕಣ್ಣಿಗೆ ಹಳದಿ ಸ್ವಲ್ಪ ಕಾಣುತ್ತೆ ಅಂತ ನರ್ಸಮ್ಮ ಹೇಳಿದ್ರು. ಅದಕ್ಕೇ ಹಳದಿ ಹೊಡೆಸಿದೆ. ನನಗೆ ಆ ಬಣ್ಣ ಆಗಲ್ಲ." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನೀವು ಬಂದು ಹೇಳಿದ್ದು ಸರಿನೇ. ತಪ್ಪು ಅಂತ ನಾನನ್ನಲ್ಲ."

ಬಸ್ಸು ಬಂತು. ಅವರು ಹತ್ತಿದರು. ಕಿಟಕಿ ಪಕ್ಕ ಕೂತು, ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟರು. ಆಮೇಲೆ ಏನೋ ಯೋಚಿಸಿ ಅದನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡು ನನ್ನ ಕಡೆ ನೋಡಿದರು.

ಅದು ನಾನು ಹೋಗಬೇಕಾದ ಬಸ್ಸೇ ಆಗಿತ್ತು. ಹತ್ತಲು ಒಂದು ಹೆಜ್ಜೆ ಮುಂದಿಟ್ಟೆ. ಕೂತು ಏನು ಮಾತಾಡಲಿ, ಯಾವ ದನಿಯಲ್ಲಿ ಮಾತಾಡಲಿ ಎಂದು ಯೋಚಿಸುತ್ತಿರುವಾಗಲೇ ಬಸ್ಸು ಹೊರಟಿತು.